ಜೋಗದ ಪಕ್ಕದ ಊರಿನ ಅಪ್ಪ-ಅಮ್ಮನಿಗೆ ಹವಾಯಿಯಲ್ಲಿ ಯಾವ ಜಲಪಾತ ತೋರಿಸಲಿ?

ಸಾಗರದ ಸುಮಾ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ. ಏಪ್ರಿಲ್‌ಗೆ ಅಪ್ಪ, ಅಮ್ಮ ಮೊದಲ ಸಲ ಅಮೆರಿಕಕ್ಕೆ ಬರುತ್ತಿದ್ದಾರೆ. ಅಪ್ಪನಿಗೆ 71, ಅಮ್ಮನಿಗೆ 66. ಊರು ಸಾಗರದ ಹತ್ತಿರ, ಮೂರು ಎಕರೆ ಅಡಿಕೆ ತೋಟ. ಅಪ್ಪ ತೋಟ ಬಿಟ್ಟು ಎಲ್ಲೂ ಒಂದು ವಾರಕ್ಕಿಂತ ಜಾಸ್ತಿ ಇದ್ದವರಲ್ಲ. ಕೊಳೆ ರೋಗಕ್ಕೆ ಔಷಧಿ ಹೊಡೆಸುವ ಹೊತ್ತಿಗೆ ಊರಲ್ಲಿರಲೇಬೇಕು ಅಂತ ಮೇ ಕೊನೆಗೆ ವಾಪಸ್ ಟಿಕೆಟ್ ಮಾಡಿಸಿಕೊಂಡಿದ್ದಾರೆ.

ಮೇ ಎರಡನೇ ವಾರ ಅವರನ್ನು ಹವಾಯಿಯ ಕವಾಯಿ ದ್ವೀಪಕ್ಕೆ ಕರೆದುಕೊಂಡು ಹೋಗಬೇಕು ಅಂತ ನನ್ನ ಆಸೆ. ಆರು ರಾತ್ರಿ. ಅದನ್ನು 'ತೋಟದ ದ್ವೀಪ' ಅಂತ ಕರೆಯುತ್ತಾರೆ ಅಂತ ಓದಿದ ದಿನದಿಂದ ಮನಸ್ಸು ಅಲ್ಲೇ ಇದೆ. ನಮ್ಮ ಜೊತೆ ಆರು ವರ್ಷದ ಮಗನೂ ಇರುತ್ತಾನೆ. ನಮ್ಮ ಮನೆಯವರು ಒಂದು ದೊಡ್ಡ ರೆಸಾರ್ಟ್ ನೋಡಿಟ್ಟಿದ್ದಾರೆ. ಈಜುಕೊಳದ ಸುತ್ತ ತೋಟ, ನಡುವೆ ಕಟ್ಟಿಸಿದ ಜಲಪಾತ, ಎಲ್ಲ ಇದೆ. ಬೆಲೆಯೂ ಹಾಗೇ ಇದೆ.

ನನ್ನ ಚಿಂತೆ ಬೇರೆ. ಅಪ್ಪ ಹುಡುಗರಾಗಿದ್ದಾಗ ಜೋಗಕ್ಕೆ ಸೈಕಲ್ ತುಳಿದುಕೊಂಡು ಹೋಗುತ್ತಿದ್ದರಂತೆ. ಮಳೆಗಾಲದಲ್ಲಿ ಶರಾವತಿ 830 ಅಡಿಯಿಂದ ಬೀಳುವುದನ್ನು ಎಷ್ಟು ಸಲ ನೋಡಿದ್ದಾರೋ ಲೆಕ್ಕವಿಲ್ಲ. ಅಂಥವರಿಗೆ ಇನ್ನೊಂದು ಜಲಪಾತ ತೋರಿಸಲು ಸಮುದ್ರದ ನಡುವಿನ ದ್ವೀಪಕ್ಕೆ ಕರೆದುಕೊಂಡು ಹೋಗುವುದರಲ್ಲಿ ಅರ್ಥ ಇದೆಯಾ? ಅಮ್ಮನಿಗೆ ಬಲಗಾಲಿನ ಮಂಡಿ ನೋವು. ಸಮತಟ್ಟು ಇದ್ದರೆ ಇಪ್ಪತ್ತು ನಿಮಿಷ ನಡೆಯುತ್ತಾರೆ, ಮೆಟ್ಟಿಲು ಕಷ್ಟ. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಹಿರಿಯರನ್ನು ಕರೆದುಕೊಂಡು ಹೋಗಿ ಬಂದವರು ದಯವಿಟ್ಟು ಹೇಳಿ. ಎಲ್ಲಿ ಉಳಿಯಬೇಕು, ಏನು ನೋಡಬೇಕು, ಏನು ಬಿಡಬೇಕು?

ಪುತ್ತೂರಿನ ವಿದ್ಯಾ:

ಸುಮಾ ಅವರೇ, ಖಂಡಿತ ಕರೆದುಕೊಂಡು ಹೋಗಿ. ಎರಡು ವರ್ಷದ ಹಿಂದೆ ನಾವು ಅತ್ತೆ, ಮಾವನನ್ನು ಕರೆದುಕೊಂಡು ಅಲ್ಲಿಗೇ ಹೋಗಿದ್ದೆವು. ಅವರದ್ದೂ ಅಡಿಕೆ ತೋಟ. ನಿಮ್ಮ ಪ್ರಶ್ನೆ ಓದುವಾಗ ನಮ್ಮ ಮನೆಯ ಮಾತನ್ನೇ ಕೇಳಿದ ಹಾಗಾಯಿತು.

ಮೊದಲು ಒಂದು ಮಾತು. ಜಲಪಾತಕ್ಕೆ ಅಂತ ದಿನ ಇಡಬೇಡಿ, ದಿನವನ್ನು ತೋಟಗಳಿಗೆ ಇಡಿ. ಜಲಪಾತಗಳು ದಾರಿಯಲ್ಲಿ ಸಿಗುತ್ತವೆ. ನಾವು ಇದನ್ನು ತಿಳಿದುಕೊಳ್ಳುವಷ್ಟರಲ್ಲಿ ಮೂರು ದಿನ ಹಾಳಾಗಿತ್ತು. ಎರಡನೇ ದಿನವೇ ಒಂದು ಕಾಡಿನ ದಾರಿಗೆ ಹೋದೆವು. ಸಲೀಸು ದಾರಿ ಅಂತ ಎಲ್ಲೋ ಓದಿದ್ದೆ. ಹಿಂದಿನ ರಾತ್ರಿ ಮಳೆ ಬಂದು ಕೆಂಪು ಮಣ್ಣು ಸಾಬೂನಿನ ಹಾಗೆ ಜಾರುತ್ತಿತ್ತು. ಮಾವ ಜಾರಿ ಬಿದ್ದು ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ತೋಟದಲ್ಲಿ ಐವತ್ತು ವರ್ಷ ಕೆಸರು ತುಳಿದವರು, ನನಗೇನೂ ಆಗುವುದಿಲ್ಲ ಅಂದುಕೊಂಡಿದ್ದರು, ನಾವೂ ಹಾಗೇ ಅಂದುಕೊಂಡಿದ್ದೆವು. ಮಧ್ಯಾಹ್ನವೆಲ್ಲ ಆಸ್ಪತ್ರೆಯಲ್ಲಿ. ಭಾರತದಿಂದ ಬರುವ ತಂದೆತಾಯಿಗೆ ಆರೋಗ್ಯ ವಿಮೆ ಮಾಡಿಸುವುದನ್ನು ಯಾವ ಕಾರಣಕ್ಕೂ ಬಿಡಬೇಡಿ. ನಮಗೆ ಅದೇ ಕಾಪಾಡಿದ್ದು.

ಇನ್ನು ಕಾರಿನಿಂದ ಇಳಿದು ಹತ್ತು ಹೆಜ್ಜೆಯಲ್ಲಿ ಕಾಣುವ ಜಲಪಾತಗಳು. ಲಿಹುಯೆ ಊರಿನಿಂದ ಕಾಲು ಗಂಟೆ ದೂರದಲ್ಲಿ ವೈಲುವ ಜಲಪಾತ ಇದೆ. 583ನೇ ನಂಬರಿನ ರಸ್ತೆ ಅಲ್ಲಿಗೇ ಮುಗಿಯುತ್ತದೆ. ರಸ್ತೆಯ ಅಂಚಿನ ಗೋಡೆಗೆ ಒರಗಿ ನಿಂತರೆ ಎದುರಿಗೆ ಎರಡು ಕವಲಾಗಿ ಬೀಳುವ ನೀರು. ಬೆಳಗ್ಗೆ ಎಂಟರೊಳಗೆ ಹೋಗಿ. ಜನ ಕಮ್ಮಿ, ಕಾರು ನಿಲ್ಲಿಸಲು ಜಾಗ ಇರುತ್ತದೆ, ಬಿಸಿಲು ನೀರಿನ ಮೇಲೆ ಬಿದ್ದು ಎಷ್ಟೋ ಸಲ ಕಾಮನಬಿಲ್ಲು ಕಾಣುತ್ತದೆ. ಎರಡನೆಯದು ಓಪೈಕಾ, 580ನೇ ರಸ್ತೆಯಲ್ಲಿ. ಸುಮಾರು 150 ಅಡಿ. ಅದೂ ರಸ್ತೆ ಪಕ್ಕದಿಂದಲೇ ಕಾಣುತ್ತದೆ. ಆ ಹೆಸರಿನ ಅರ್ಥ 'ಉರುಳುವ ಸಿಗಡಿ'. ಹಿಂದೆ ನೀರಿನ ಬುಡದಲ್ಲಿ ಸಿಗಡಿಗಳು ಉರುಳಾಡುತ್ತಿದ್ದವಂತೆ. ಮೂರನೆಯದು ವೈಪೋ, ವೈಮೇಯ ಕಣಿವೆಯಲ್ಲಿ. 800 ಅಡಿ. ಆದರೆ ದೂರದಿಂದ, ಕೆಂಪು ಬಂಡೆಗಳ ನಡುವೆ ಬೆಳ್ಳಿ ನೂಲಿನ ಹಾಗೆ ಕಾಣುತ್ತದೆ. ಕಣಿವೆ ನೋಡುವ ಕಟ್ಟೆಯವರೆಗೂ ಕಾರು ಹೋಗುತ್ತದೆ. ಹೊರಗಿನವರಿಗೆ ತಲೆಗೆ 5 ಡಾಲರ್, ಕಾರಿಗೆ 10 ಡಾಲರ್ ಶುಲ್ಕ.

ಜೋಗದ ಮುಂದೆ ಇವು ಚಿಕ್ಕವು ಅಂತ ನಿಮ್ಮ ಅಪ್ಪನಿಗೆ ಅನಿಸಬಹುದು. ಅನಿಸಲಿ. ಅವರು ನಿಜವಾಗಿ ನಿಂತು ನೋಡುವುದು ಬೇರೆಯದನ್ನು.

ಉತ್ತರದ ಕಡೆ ಪ್ರಿನ್ಸ್‌ವಿಲ್ ದಾಟುವಾಗ ರಸ್ತೆ ಬದಿಯಲ್ಲಿ ಹನಲೆಯ್ ಕಣಿವೆ ನೋಡುವ ಜಾಗ ಇದೆ. ಅಲ್ಲಿ ಕಾರು ನಿಲ್ಲಿಸಿ. ಕೆಳಗೆ ಕಣಿವೆ ತುಂಬ ನೀರು ನಿಲ್ಲಿಸಿದ ಗದ್ದೆಗಳು. ನಮ್ಮ ಮಾವ, "ಭತ್ತ ಅಲ್ಲವಲ್ಲ ಇದು" ಅಂದರು. ಸ್ವಲ್ಪ ಹೊತ್ತು ನೋಡಿ, "ಕೆಸು! ಅಷ್ಟೂ ಕೆಸು!" ಅಂತ ಕೂಗಿದರು. ಹೌದು, ಅದು ಕೆಸುವಿನ ಗದ್ದೆ. ನಾವು ಬಚ್ಚಲ ನೀರು ಹೋಗುವ ಕಡೆ ತಾನಾಗಿ ಬೆಳೆಯಲು ಬಿಡುವ ಕೆಸುವೇ ಅಲ್ಲಿಯ ಮೂಲ ಜನರಿಗೆ ಹಿಂದಿನಿಂದ ಮುಖ್ಯ ಆಹಾರವಾಗಿತ್ತು. ಅದರ ಗಡ್ಡೆ ಬೇಯಿಸಿ ಅರೆದು 'ಪೊಯಿ' ಅಂತ ಮಾಡುತ್ತಾರೆ. ಅವರ ಹಳೆಯ ಕಥೆಯಲ್ಲಿ ಕೆಸು ಮನುಷ್ಯನ ಅಣ್ಣ. ಅಣ್ಣ ಮೊದಲು ಹುಟ್ಟಿದ, ತಮ್ಮನಿಗೆ ಊಟ ಹಾಕುತ್ತಾನೆ, ತಮ್ಮ ಅವನನ್ನು ನೋಡಿಕೊಳ್ಳಬೇಕು. ಇದನ್ನು ಹೇಳಿದಾಗ ನಮ್ಮ ಅತ್ತೆ ಸುಮಾರು ಹೊತ್ತು ಮಾತೇ ಆಡಲಿಲ್ಲ.

ಅಲ್ಲಿಂದ ಮುಂದೆ, ರಸ್ತೆ ಮುಗಿಯುವ ಕಡೆ, ಲಿಮಹುಲಿ ತೋಟ. ನೂರಾರು ವರ್ಷ ಹಳೆಯ ಕಲ್ಲು ಕಟ್ಟಿದ ಮೆಟ್ಟಿಲು ಗದ್ದೆಗಳು, ಹಿಂದೆ ಗೋಡೆಯಂಥ ಬೆಟ್ಟ. ಬೆಟ್ಟದಿಂದ ಇಳಿದ ತೊರೆಯ ನೀರನ್ನು ಒಂದು ಗದ್ದೆಯಿಂದ ಇನ್ನೊಂದಕ್ಕೆ ಹರಿಸಿ ಮತ್ತೆ ತೊರೆಗೇ ಬಿಡುವ ಪದ್ಧತಿ. ತೋಟಕ್ಕೆ ಹಳ್ಳದ ನೀರು ತಿರುಗಿಸಿಕೊಂಡವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಅಲ್ಲಿ ಒಂದು ಬಿಳಿ ದಾಸವಾಳ ಇದೆ, ಕವಾಯಿಯದ್ದೇ ಜಾತಿ. ಅದಕ್ಕೆ ಪರಿಮಳ ಇದೆ! ಪರಿಮಳ ಇರುವ ದಾಸವಾಳವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅತ್ತೆ ಮೂಸಿ, ಮತ್ತೆ ಮೂಸಿ, "ದೇವರಿಗೆ ಒಂದು ಸಿಕ್ಕಿದ್ದರೆ" ಅಂದರು. ಕೀಳುವ ಹಾಗಿಲ್ಲ, ನೆನಪಿರಲಿ. ಸುತ್ತುವ ದಾರಿ ಮುಕ್ಕಾಲು ಮೈಲಿ, ಏರು ಇದೆ, ಕಲ್ಲು ಇದೆ. ನಿಮ್ಮ ಅಮ್ಮ ಕೆಳಗಿನ ಕೆಸುವಿನ ಗದ್ದೆ ಹತ್ತಿರವೇ ಕುಳಿತರೆ ಸಾಕು. ಮೊದಲೇ ಬುಕ್ ಮಾಡಿ.

ದಕ್ಷಿಣದ ಪೊಯಿಪು ಕಡೆ ಲಾವಾಯಿ ಕಣಿವೆಯಲ್ಲಿ ಮೆಕ್‌ಬ್ರೈಡ್, ಆಲರ್ಟನ್ ಅಂತ ಎರಡು ತೋಟ ಅಕ್ಕಪಕ್ಕ ಇವೆ. ಲಿಮಹುಲಿ ನೋಡಿಕೊಳ್ಳುವ ಸಂಸ್ಥೆಯದ್ದೇ ಇವು. 1964ರಲ್ಲಿ ಅಮೆರಿಕದ ಸಂಸತ್ತಿನ ಒಪ್ಪಿಗೆಯಿಂದ ಶುರುವಾದ ರಾಷ್ಟ್ರೀಯ ಉಷ್ಣವಲಯ ಸಸ್ಯೋದ್ಯಾನ ಅದು. ಗಾಡಿಯಲ್ಲಿ ಕಣಿವೆಗೆ ಇಳಿಸುತ್ತಾರೆ, ಹಾಗಾಗಿ ಮಂಡಿ ನೋವಿನವರಿಗೆ ಅನುಕೂಲ. ಆಲರ್ಟನ್‌ನಲ್ಲಿ ಗೈಡ್ ಜೊತೆ ಸುಮಾರು ಎರಡೂವರೆ ಗಂಟೆ ಸುತ್ತಬೇಕು, ಮೆಕ್‌ಬ್ರೈಡ್‌ನಲ್ಲಿ ನಮ್ಮಷ್ಟಕ್ಕೆ ಸುತ್ತಬಹುದು. ನಿಮಗೆ ಮೆಕ್‌ಬ್ರೈಡ್ ಸರಿ. ಅಲ್ಲಿ ಜೀಗುಜ್ಜೆ ಮರಗಳ ನಡುವೆ ಬೇರೆ ಬೇರೆ ಬೆಳೆ ಸೇರಿಸಿ ಒಂದು ತೋಟ ಮಾಡಿದ್ದಾರೆ. ಅಡಿಕೆ, ಮೆಣಸಿನ ಬಳ್ಳಿ, ಬಾಳೆ, ಕೊಕ್ಕೋ ಅಂತ ಬೆಳೆಯುವವರಿಗೆ ಅದನ್ನು ತೋರಿಸಿದರೆ ಅರ್ಧ ದಿನ ಬೇಕು. ಮಾವ ಬ್ಯಾಂಡೇಜ್ ಹಾಕಿದ ಕೈ ಹಿಡಿದುಕೊಂಡೇ ಮರದಿಂದ ಮರಕ್ಕೆ ಹೋಗಿ ನೆಟ್ಟ ಅಂತರ ಅಳೆದರು.

ಉಳಿಯುವುದಕ್ಕೆ ಆ ದೊಡ್ಡ ರೆಸಾರ್ಟ್ ಬೇಡ ಅಂತ ನನ್ನ ಅಭಿಪ್ರಾಯ. ಕಾಣಿಸುವ ಬಾಡಿಗೆಯ ಮೇಲೆ ಶೇ. 18ರ ಆಸುಪಾಸು ತೆರಿಗೆ, ದಿನಕ್ಕೆ ರೆಸಾರ್ಟ್ ಶುಲ್ಕ, ಕಾರು ನಿಲ್ಲಿಸಲು ಬೇರೆ. ಅಡುಗೆಮನೆ ಇರುವ, ನೆಲಮಹಡಿಯ ಕಾಂಡೋ, ಅಂದರೆ ಬಾಡಿಗೆ ಫ್ಲಾಟ್, ತೆಗೆದುಕೊಳ್ಳಿ. ಕುಕ್ಕರ್ ಒಯ್ಯಿರಿ. ಲಿಹುಯೆಯಲ್ಲಿ ಕಾಸ್ಟ್‌ಕೋ ಅಂತ ದೊಡ್ಡ ಅಂಗಡಿ ಇದೆ, ಅಕ್ಕಿ, ಮೊಸರು, ತರಕಾರಿ ಎಲ್ಲ ಸಿಗುತ್ತದೆ. ಸಂಜೆ ಬಿಸಿ ಅನ್ನ, ಸಾರು ಉಂಡರೆ ಹಿರಿಯರು ಮಾರನೇ ದಿನಕ್ಕೆ ತಯಾರು.

ಮಂಜು, ಸಿಯಾಟಲ್:

ವಿದ್ಯಾ ಅಕ್ಕ ಹೇಳಿದ್ದು ಸರಿ. ನಾನು ಟ್ರೆಕ್ಕಿಂಗ್ ಹುಚ್ಚಿನವನು, ಹಾಗಾಗಿ ಸೇರಿಸುವುದು ಎಚ್ಚರಿಕೆಯ ಮಾತು ಮಾತ್ರ.

ಫೋಟೋಗಳಲ್ಲಿ ಜಾಸ್ತಿ ಕಾಣುವ ಹನಕಪಿಯಾಯಿ ಜಲಪಾತ 300 ಅಡಿ. ಹೋಗಿ ಬರಲು 8 ಮೈಲಿ ನಡಿಗೆ, ಹೊಳೆ ದಾಟಬೇಕು. ನನಗೆ ಏಳು ಗಂಟೆ ಹಿಡಿಯಿತು. ಸುಮಾ ಅವರೇ, ನಿಮ್ಮ ಮನೆಯವರು ಒಬ್ಬರೇ ಹೋಗಬೇಕು ಅಂದರೆ ಹೋಗಲಿ, ಆದರೆ ಆ ದಾರಿ ಶುರುವಾಗುವ ಹಾಯೆನಾ ಪಾರ್ಕಿಗೆ ಮೊದಲೇ ಬುಕಿಂಗ್ ಬೇಕು. 30 ದಿನ ಮುಂಚೆ ತೆರೆಯುತ್ತದೆ, ಬೇಗ ಮುಗಿದುಹೋಗುತ್ತದೆ.

ನೀರಿನ ವಿಷಯ ಗಂಭೀರವಾಗಿ ತೆಗೆದುಕೊಳ್ಳಿ. ಅಲ್ಲಿ ಮಳೆ ಎಲ್ಲೋ ಮೇಲೆ ಬೆಟ್ಟದಲ್ಲಿ ಬೀಳುತ್ತದೆ, ಕೆಳಗೆ ಬಿಸಿಲಿದ್ದಾಗಲೇ ಹೊಳೆ ಏರುತ್ತದೆ. ದ್ವೀಪದ ನಡುವಿನ ವೈಯಲೆಯಲೆ ಬೆಟ್ಟಕ್ಕೆ ವರ್ಷಕ್ಕೆ 10 ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅಂದರೆ ಆಗುಂಬೆಗಿಂತ ಜಾಸ್ತಿ. 2018ರ ಏಪ್ರಿಲ್‌ನಲ್ಲಿ ಹನಲೆಯ್ ಪಕ್ಕದ ವೈಪಾದಲ್ಲಿ 24 ಗಂಟೆಯಲ್ಲಿ 1,262 ಮಿಲಿಮೀಟರ್ ಸುರಿಯಿತು. ಅಮೆರಿಕದಲ್ಲಿ ದಾಖಲಾದ ಅತಿ ಹೆಚ್ಚಿನ ದಿನದ ಮಳೆ ಅದು. ಗುಡ್ಡ ಕುಸಿದು, ಹನಲೆಯ್ ಆಚೆಗಿನ ರಸ್ತೆ ಪ್ರವಾಸಿಗರಿಗೆ ಮತ್ತೆ ತೆರೆದದ್ದು 2019ರ ಜೂನ್‌ನಲ್ಲಿ. ಹಾಗಾಗಿ ಉತ್ತರಕ್ಕೆ ಹೋಗುವ ದಿನ ಬೆಳಗ್ಗೆ ಹವಾಮಾನ ಎಚ್ಚರಿಕೆ ನೋಡಿಯೇ ಹೊರಡಿ.

ಇನ್ನೊಂದು. ಹೊಳೆ, ಜಲಪಾತದ ಗುಂಡಿ ನೀರಿಗೆ ಮಗುವನ್ನು ಇಳಿಸಬೇಡಿ. ನಮ್ಮ ಮಲೆನಾಡಿನಲ್ಲಿ ಇಲಿ ಜ್ವರ ಅನ್ನುತ್ತೇವಲ್ಲ, ಅದರ ರೋಗಾಣು ಅಲ್ಲಿಯ ಸಿಹಿನೀರಿನಲ್ಲೂ ಇರುತ್ತದೆ. ಕಾಲಲ್ಲಿ ಗಾಯ ಇದ್ದರೆ ಅಷ್ಟು ಸಾಕು. ಆಟ ಆಡಲು ಪೊಯಿಪು ಬೀಚ್‌ನಲ್ಲಿ ಮಕ್ಕಳಿಗೆ ಅಂತಲೇ ಕಲ್ಲು ಅಡ್ಡ ಇರುವ ಶಾಂತವಾದ ನೀರಿದೆ.

ನಿವೃತ್ತ ಮೇಷ್ಟ್ರು, ಬೆಂಗಳೂರು:

ಸುಮಾ ಅಮ್ಮಾ, ಇಷ್ಟು ಮಾತಾಯಿತು, ಯಾರೂ ದೇವಸ್ಥಾನದ ಸುದ್ದಿ ಎತ್ತಲಿಲ್ಲ. ವಿದ್ಯಾ ಅವರು ಹೇಳಿದ ಓಪೈಕಾ ಜಲಪಾತ ಇರುವ ಅದೇ 580ನೇ ರಸ್ತೆಯ ಕಡೆ, ವೈಲುವ ನದಿಯ ದಂಡೆಯಲ್ಲಿ ಒಂದು ಶೈವ ಮಠ ಇದೆ. ಅಲ್ಲಿನ ಇರೈವನ್ ದೇವಸ್ಥಾನ ಪೂರ್ತಿ ಬಿಳಿ ಕಗ್ಗಲ್ಲಿನದು, ಚೋಳರ ಶೈಲಿಯದು. ಆ ಕಲ್ಲುಗಳನ್ನು ಕೆತ್ತಿದ್ದು ನಮ್ಮ ಬೆಂಗಳೂರಿನ ಹತ್ತಿರ! 1990ರಲ್ಲಿ ಕೆಲಸ ಶುರುವಾಯಿತು. ಯಂತ್ರ ಬಳಸದೆ, ಉಳಿ, ಸುತ್ತಿಗೆ ಹಿಡಿದು ಶಿಲ್ಪಿಗಳು ಒಂದೊಂದೇ ಕಲ್ಲು ಕೆತ್ತಿದರು. ಆಮೇಲೆ ಹಡಗಿನಲ್ಲಿ ಅಲ್ಲಿಗೆ ಸಾಗಿಸಿ ಜೋಡಿಸಿದರು. ಕುಂಭಾಭಿಷೇಕ ಆದದ್ದು 2023ರ ಮಾರ್ಚ್‌ನಲ್ಲಿ. ಒಳಗೆ ಸ್ಫಟಿಕ ಲಿಂಗ.

ನಾನು ಮೇಷ್ಟ್ರಾಗಿದ್ದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ಆ ಕೆತ್ತನೆ ಕೆಲಸ ತೋರಿಸಿದ್ದೆ. ಉಳಿಯ ಸದ್ದು ಇನ್ನೂ ಕಿವಿಯಲ್ಲಿದೆ. ಕಲ್ಲಿನ ಸರಪಳಿಯೊಂದನ್ನು ಒಂದೇ ಬಂಡೆಯಲ್ಲಿ ಬಿಡಿಸುತ್ತಿದ್ದ ಶಿಲ್ಪಿಯ ಮುಂದೆ ಮಕ್ಕಳು ಉಸಿರು ಬಿಗಿಹಿಡಿದು ನಿಂತಿದ್ದರು. ನಾಲ್ಕು ವರ್ಷದ ಹಿಂದೆ ಮಗ ನನ್ನನ್ನು ಕವಾಯಿಗೆ ಕರೆದುಕೊಂಡು ಹೋದ. ಆ ಕಲ್ಲನ್ನು ಅಲ್ಲಿ, ಮಳೆಯಲ್ಲಿ ತೊಯ್ದದ್ದನ್ನು ಕಂಡಾಗ ನನಗೆ ಕಣ್ಣು ತುಂಬಿ ಬಂತು.

ಸುತ್ತ ತೋಟ, ಕೊಳ, ರುದ್ರಾಕ್ಷಿ ಮರಗಳ ತೋಪು. ರುದ್ರಾಕ್ಷಿಯ ಹಣ್ಣು ನೀಲಿ ಬಣ್ಣದ್ದು, ನಿಮ್ಮ ಮಗನಿಗೆ ತೋರಿಸಿ. ಬೆಳಗ್ಗೆ ಮಾತ್ರ ಬಿಡುತ್ತಾರೆ, ಮೊದಲೇ ಅವರ ವೆಬ್‌ಸೈಟ್ ನೋಡಿಕೊಂಡು ಹೋಗಿ. ಮೈ ತುಂಬ ಬಟ್ಟೆ ಇರಲಿ. ಅಲ್ಲಿಯ ಸನ್ಯಾಸಿಗಳಲ್ಲಿ ಹೊರದೇಶದವರೇ ಅನೇಕರು. ಆದರೆ ಪೂಜೆಯ ಮಂತ್ರ ಕೇಳಿದರೆ ನಿಮ್ಮ ತಂದೆಯವರಿಗೆ ಪರಕೀಯ ಅನಿಸುವುದಿಲ್ಲ.

ಸಾಗರದ ಸುಮಾ:

ಮೇಷ್ಟ್ರೇ, ನಿಮಗೆ ದೊಡ್ಡ ನಮಸ್ಕಾರ. ಬೆಂಗಳೂರಿನ ಕಲ್ಲಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ವಿದ್ಯಾ ಅವರೇ, ಮಂಜು ಅವರೇ, ನಿಮಗೂ. ನಿನ್ನೆ ರಾತ್ರಿ ನಾನು, ನಮ್ಮ ಮನೆಯವರು ಕುಳಿತು ಎಲ್ಲ ಓದಿದೆವು. ಕಟ್ಟಿಸಿದ ಜಲಪಾತದ ರೆಸಾರ್ಟ್ ಬಿಟ್ಟಿದ್ದೇವೆ. ಆರು ರಾತ್ರಿಯನ್ನು ಉತ್ತರ, ದಕ್ಷಿಣ ಅಂತ ಹಂಚಬೇಕಾ, ಒಂದೇ ಕಡೆ ಇರಬೇಕಾ? ದೋಣಿಯಲ್ಲಿ ದ್ವೀಪದ ವಾಯವ್ಯದ ನಾ ಪಾಲಿ ಕರಾವಳಿ ನೋಡುವುದು ಹೇಗೆ? ಇನ್ನು ಅಮ್ಮ ಎಲ್ಲಿಗೆ ಹೋದರೂ ಗಿಡದ ಕಡ್ಡಿ ಮುರಿದುಕೊಂಡು ಬರುವವರು. ನಮ್ಮ ಅಂಗಳದ ಅರ್ಧ ಕ್ರೋಟನ್ ಹಾಗೆ ಬಂದದ್ದೇ. ಅದಕ್ಕೇನಾದರೂ ತೊಂದರೆ ಇದೆಯಾ?

ಪುತ್ತೂರಿನ ವಿದ್ಯಾ:

ಒಂದೇ ಕಡೆ ಇರಿ. ಸೂಟ್‌ಕೇಸ್ ಕಟ್ಟಿ ಬಿಚ್ಚುವುದೇ ಹಿರಿಯರಿಗೆ ಆಯಾಸ. ಪೂರ್ವದ ವೈಲುವ, ಕಪಾಆ ಕಡೆ ಹುಡುಕಿ. ಅದು ನಡುವೆ ಬರುತ್ತದೆ. ದೇವಸ್ಥಾನ, ಎರಡು ಜಲಪಾತ ಹತ್ತಿರ. ಹನಲೆಯ್‌ಗೆ ಮುಕ್ಕಾಲು ಗಂಟೆ, ಮೆಕ್‌ಬ್ರೈಡ್ ತೋಟಕ್ಕೂ ಸುಮಾರು ಅಷ್ಟೇ. ನಾ ಪಾಲಿ ಬೆಟ್ಟ ಕಡಿದಾಗಿರುವುದರಿಂದ ದ್ವೀಪವನ್ನು ಪೂರ್ತಿ ಸುತ್ತುವ ರಸ್ತೆ ಇಲ್ಲ. ಹೋದ ದಾರಿಯಲ್ಲೇ ಬರಬೇಕು, ಹಾಗಾಗಿ ಒಂದು ದಿನಕ್ಕೆ ಒಂದೇ ದಿಕ್ಕು. ಹನಲೆಯ್ ದಾಟಿದ ಮೇಲೆ ಒಂದೇ ಕಾರು ಹೋಗುವಷ್ಟು ಅಗಲದ ಸೇತುವೆಗಳಿವೆ. ಆ ಕಡೆಯಿಂದ ಐದಾರು ಕಾರು ಬಂದ ಮೇಲೆ ಈ ಕಡೆಯವರು ಹೊರಡುವುದು ಅಲ್ಲಿಯ ರೂಢಿ. ಅದನ್ನು ಪಾಲಿಸಿ.

ದೋಣಿ ಬೇಡ. ನಾವು ಗಾಳಿ ತುಂಬಿದ ಚಿಕ್ಕ ದೋಣಿಯಲ್ಲಿ ಬುಕ್ ಮಾಡಿದ್ದೆವು. ಹಿರಿಯರಿಗೂ ಆಗುತ್ತದೆ ಅಂತ ಫೋನ್‌ನಲ್ಲಿ ಹೇಳಿದ್ದರು. ಅತ್ತೆಗೆ ಮೊದಲ ಅರ್ಧ ಗಂಟೆಯಿಂದಲೇ ವಾಂತಿ. ಅಮ್ಮನಂಥವರಿಗೆ ಬೆನ್ನಿಗೂ, ಮಂಡಿಗೂ ಆ ಕುಲುಕು ಒಳ್ಳೆಯದಲ್ಲ. ಬದಲಿಗೆ ವೈಮೇಯ ಕಣಿವೆಗೆ ಹೋದ ದಿನವೇ ಇನ್ನೂ ಮೇಲೆ, ಕಲಲಾವು ನೋಡುವ ಜಾಗದವರೆಗೆ ಕಾರಿನಲ್ಲಿ ಹೋಗಿ. ಮೋಡ ಸರಿದರೆ ನಾ ಪಾಲಿಯ ಒಂದು ಕಣಿವೆ ಸಮುದ್ರದವರೆಗೂ ಕಾಣುತ್ತದೆ. ಮೋಡ ಮುಚ್ಚಿದ್ದರೆ ಹತ್ತು ನಿಮಿಷ ಕಾಯಿರಿ. ಜೋಗದಲ್ಲಿ ಮಂಜು ಸರಿಯಲಿ ಅಂತ ಕಾದವರು ನೀವು, ನಿಮಗೆ ನಾನು ಹೇಳಬೇಕಾ. ಅಲ್ಲಿ ನಾಲ್ಕು ಸಾವಿರ ಅಡಿ ಎತ್ತರ, ಚಳಿ ಇರುತ್ತದೆ, ಅಪ್ಪನಿಗೆ ಸ್ವೆಟರ್ ಇರಲಿ.

ಗಿಡದ ಕಡ್ಡಿ ವಿಷಯ ಅಮ್ಮನಿಗೆ ಹೊರಡುವ ಮೊದಲೇ ತಿಳಿಸಿ ಹೇಳಿ. ಹೋಗುವಾಗ ಹವಾಯಿಯ ಕೃಷಿ ಇಲಾಖೆಯ ಫಾರಂ ತುಂಬಬೇಕು. ಕರಿಬೇವು, ವೀಳ್ಯದೆಲೆ, ಬೀಜ ಯಾವುದೂ ಬೇಡ. ಬರುವಾಗ ಲಿಹುಯೆ ವಿಮಾನ ನಿಲ್ದಾಣದಲ್ಲಿ ಬ್ಯಾಗುಗಳನ್ನೆಲ್ಲ ಕೃಷಿ ತಪಾಸಣೆಗೆ ಹಾಕುತ್ತಾರೆ. ಹೆಚ್ಚಿನ ಹಣ್ಣು, ಗಿಡ ಎಲ್ಲ ತಡೆಯುತ್ತಾರೆ. ಇದು ಸುಮ್ನೆ ಮಾಡಿದ ಕಾನೂನಲ್ಲ. ಆ ದ್ವೀಪಗಳ ಗಿಡಗಳಲ್ಲಿ ಎಷ್ಟೋ ಬೇರೆಲ್ಲೂ ಇಲ್ಲ. ಹೊರಗಿನ ಒಂದು ಹುಳ, ಒಂದು ಬೂಷ್ಟು ಸಾಕು. ಅಡಿಕೆಯ ಎಲೆಚುಕ್ಕಿ ರೋಗ ನೋಡಿದ ಮನೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ಅತ್ತೆ ಕಡ್ಡಿಯ ಬದಲು ಆ ಬಿಳಿ ದಾಸವಾಳದ ಫೋಟೋ ತೆಗೆಸಿಕೊಂಡರು. ಪುತ್ತೂರಿನ ಮನೆಯ ದೇವರಕೋಣೆಯ ಗೋಡೆಯಲ್ಲಿ ಈಗಲೂ ಇದೆ.

ಹಾಂ, ಬೆಳಗಿನ ಜಾವ ಮೂರು ಗಂಟೆಗೆ ಕೋಳಿ ಕೂಗಿದರೆ ಗಾಬರಿ ಬೇಡ. ದ್ವೀಪದ ತುಂಬ ಕಾಡುಕೋಳಿ. 1992ರ ಇನಿಕಿ ಚಂಡಮಾರುತದಲ್ಲಿ ಗೂಡು ಒಡೆದು ಸಾಕುಕೋಳಿಗಳು ಹೊರಬಿದ್ದವು ಅಂತ ಅಲ್ಲಿಯವರು ಹೇಳುತ್ತಾರೆ. ಮುಂಗುಸಿ ಅಲ್ಲಿ ನೆಲೆ ನಿಂತಿಲ್ಲ, ಹಾಗಾಗಿ ಅವಕ್ಕೆ ಭಯವೇ ಇಲ್ಲ. ಗೊರವಂಕವೂ ಇದೆ, ಹತ್ತೊಂಬತ್ತನೇ ಶತಮಾನದಲ್ಲಿ ಭಾರತದಿಂದ ತಂದು ಬಿಟ್ಟದ್ದು. ಮಾವ ಬೆಳಗ್ಗೆ ಕಾಫಿ ಹಿಡಿದು ಹೊರಗೆ ಕುಳಿತು, "ಊರಲ್ಲೇ ಇದ್ದ ಹಾಗಿದೆ" ಅನ್ನುತ್ತಿದ್ದರು.

ಸಾಗರದ ಸುಮಾ:

ಈಗಷ್ಟೇ ಊರಿಗೆ ಫೋನ್ ಮಾಡಿದ್ದೆ. ಕಪಾಆದಲ್ಲಿ ನೆಲಮಹಡಿ ಮನೆ ಸಿಕ್ಕಿದೆ, ಮೇ 9ರಿಂದ 15. ಅಪ್ಪನಿಗೆ ಜಲಪಾತದ ವಿಷಯ ಹೇಳಿದೆ, "ಹೂಂ" ಅಂದರು. ಕೆಸುವಿನ ಗದ್ದೆ ಅಂದೆ. "ಎಷ್ಟು ಎಕರೆ? ನೀರು ಎಷ್ಟು ದಿನ ನಿಲ್ಲಿಸ್ತಾರೆ? ಹಂದಿ ಕಾಟ ಇಲ್ವಾ?" ಅಂತ ಒಂದರ ಮೇಲೊಂದು ಪ್ರಶ್ನೆ. ಅಮ್ಮ ಫೋನ್ ಕಿತ್ತುಕೊಂಡು ಕೇಳಿದ್ದು ಒಂದೇ. ಅಲ್ಲಿಯ ಕೆಸು ತುರಿಸುತ್ತದಾ ಅಂತ. ವಿದ್ಯಾ ಅವರೇ, ಏನು ಹೇಳಲಿ?

ಪುತ್ತೂರಿನ ವಿದ್ಯಾ:

ತುರಿಸುತ್ತದೆ ಅಂತ ಹೇಳಿ! ಅವರು ಹುಳಿ ಹಾಕುವುದಿಲ್ಲ, ಗಂಟೆಗಟ್ಟಲೆ ಬೇಯಿಸಿ ತುರಿಕೆ ಕಳೆಯುತ್ತಾರೆ. ಹೋಟೆಲಿನಲ್ಲಿ 'ಲಾವ್‌ಲಾವ್' ಅಂತ ಕೆಸುವಿನ ಎಲೆ ಸುತ್ತಿದ ತಿಂಡಿ ಕಂಡರೆ ಪತ್ರೊಡೆ ಅಂದುಕೊಂಡು ತೆಗೆದುಕೊಳ್ಳಬೇಡಿ, ಒಳಗೆ ಸಾಮಾನ್ಯವಾಗಿ ಹಂದಿ ಮಾಂಸ ಇರುತ್ತದೆ. ಎಲೆ ರೈತರ ಸಂತೆಯಲ್ಲಿ ಸಿಗುತ್ತದೆ. ನಾವು ಅಕ್ಕಿ ನೆನೆಸಿ, ಕಾಂಡೋದ ಮಿಕ್ಸಿಯಲ್ಲಿ ಅರೆದು, ಪಾತ್ರೆಯ ಮೇಲೆ ಜರಡಿ ಇಟ್ಟು ಪತ್ರೊಡೆ ಬೇಯಿಸಿದೆವು. ಹುಣಸೆಹಣ್ಣು ಮಾತ್ರ ಸಾಕಷ್ಟು ಸಿಗಲಿಲ್ಲ. ನೀವು ಒಂದು ಪ್ಯಾಕೆಟ್ ಇಲ್ಲಿಂದಲೇ ಒಯ್ಯಿರಿ.